ಅಲ್ ರಾಸ್‌ನ ಒಂಬತ್ತು ಮಂಚಗಳು

ಅಲ್ ರಾಸ್ ಎಂದರೆ ಅರಬಿಯಲ್ಲಿ ತಲೆ. ಅರಬರು ಖೋರ್ ಎಂದೂ ನಾವೆಲ್ಲ ಕ್ರೀಕ್ ಎಂದೂ ಕರೆಯುವ ದುಬೈಯ ಹಿನ್ನೀರು ಸಮುದ್ರವನ್ನು ಸೇರುವ ಕಡೆ, ನೀರಿನೊಳಗೆ ಚಾಚಿಕೊಂಡಿರುವ ಡೇರಾದ ಒಂದು ತುದಿ ಅದು. ಊರಿನಿಂದ ಬಂದ ನೆಂಟರಿಗೆ ತೋರಿಸಲು ನಾವು ಕರೆದುಕೊಂಡು ಹೋಗುವ ಮಸಾಲೆ ಸೂಕ್ ಅಲ್ಲಿಯೇ ಇದೆ. ಚಿನ್ನದ ಸೂಕ್ ಎರಡು ಹೆಜ್ಜೆ ಆಚೆ. ಆದರೆ ಆ ಅಂಗಡಿಗಳ ಮೇಲಿನ ಮಹಡಿಗಳಿಗೆ ನೆಂಟರು ಹತ್ತುವುದಿಲ್ಲ. ಹತ್ತಿದರೆ ಅಲ್ಲಿ ನಾವು ಸಿಗುತ್ತಿದ್ದೆವು.

ನಾವೆಂದರೆ ಒಂಬತ್ತು ಮಂದಿ. ಒಂದು ಕೋಣೆ, ನಾಲ್ಕು ಡಬಲ್ ಡೆಕ್ಕರ್ ಮಂಚ, ಕಿಟಕಿಯ ಬಳಿ ಒಂದು ಒಂಟಿ ಮಂಚ. ಆ ಒಂಟಿ ಮಂಚ ಕುಂಬಳೆಯ ಇಚ್ಚನದು. ನಮ್ಮೆಲ್ಲರಿಗಿಂತ ಹಿರಿಯರು, ದುಬೈಗೆ ಬಂದು ಮೂವತ್ತು ವರ್ಷ ದಾಟಿತ್ತು, ಸಕ್ಕರೆ ಕಾಯಿಲೆಯೂ ಇತ್ತು, ಆದ್ದರಿಂದ ಮೇಲಿನ ಮಂಚಕ್ಕೆ ಹತ್ತುವ ಕಷ್ಟ ಅವರಿಗೆ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಉಳಿದವರಲ್ಲಿ ಉಳ್ಳಾಲದವರು, ಉಪ್ಪಿನಂಗಡಿಯವರು, ಭಟ್ಕಳದ ಒಬ್ಬರು ಸಾಹೇಬರು, ಪುತ್ತೂರಿನ ಒಬ್ಬ ಹುಡುಗ, ಮತ್ತು ಕಾರ್ಕಳದ ಶೆಟ್ರು. ಶೆಟ್ರು ಧಾನ್ಯದ ಸಗಟು ಅಂಗಡಿಯೊಂದರ ವ್ಯಾನ್ ಓಡಿಸುತ್ತಿದ್ದರು. ಏಲಕ್ಕಿ, ಒಣನಿಂಬೆ, ಕಾಳುಮೆಣಸಿನ ಮೂಟೆಗಳ ನಡುವೆ ದಿನ ಕಳೆಯುತ್ತಿದ್ದ ನಮ್ಮ ಅಂಗಿಗಳನ್ನು ಎಷ್ಟು ಒಗೆದರೂ ಅದೇ ವಾಸನೆ. ಊರಿನಲ್ಲಿ ಮಕ್ಕಳು ಅದನ್ನೇ "ದುಬೈ ವಾಸನೆ" ಎನ್ನುತ್ತಿದ್ದರು.

ಅಡುಗೆ ಇಚ್ಚನ ಪಾಲಿನದು. ಅದಕ್ಕಾಗಿ ಮೆಸ್ಸಿನ ಹಣದಲ್ಲಿ ಅವರಿಗೆ ರಿಯಾಯಿತಿ. ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆಯಿತ್ತು. ಅನ್ನವೂ ಅದರಲ್ಲೇ, ಶುಕ್ರವಾರದ ಬಿರಿಯಾನಿಯೂ ಅದರಲ್ಲೇ. ದನದ ಮಾಂಸಕ್ಕೆ ಮಾತ್ರ ಬೇರೆ ಪಾತ್ರೆ, ಬೇರೆ ಸೌಟು. ಶೆಟ್ರು ಇದನ್ನು ಯಾವತ್ತೂ ಕೇಳಿದವರಲ್ಲ. ಅವರು ಕೋಣೆಗೆ ಬಂದ ಮೊದಲ ವಾರದಲ್ಲೇ ಇಚ್ಚ ತಾವಾಗಿ ಮಾಡಿದ ವ್ಯವಸ್ಥೆ ಅದು. ಆ ದೊಡ್ಡ ಪಾತ್ರೆಯನ್ನು ಬೇರೆ ಯಾರಾದರೂ ತೊಳೆದರೆ ಇಚ್ಚ ಮತ್ತೊಮ್ಮೆ ತೊಳೆಯುತ್ತಿದ್ದರು.

2020ರ ಜನವರಿ ಕೊನೆಯಲ್ಲಿ ವುಹಾನ್‌ನಿಂದ ಬಂದಿದ್ದ ಒಂದು ಚೀನೀ ಕುಟುಂಬದಲ್ಲಿ ಯುಎಇಯ ಮೊದಲ ಪ್ರಕರಣಗಳು ಪತ್ತೆಯಾದಾಗ ನಾವು ಅದನ್ನು ಚೀನಾದ ಸುದ್ದಿಯಾಗಿಯೇ ಓದಿದೆವು. ಫೆಬ್ರವರಿ ಕೊನೆಗೆ ಸೌದಿ ಅರೇಬಿಯಾ ಉಮ್ರಾ ಯಾತ್ರಿಕರನ್ನು ತಡೆದಾಗ ಮಾತ್ರ ಕೋಣೆ ಸ್ವಲ್ಪ ಮೌನವಾಯಿತು. ಇಚ್ಚ ಶಅಬಾನಿನಲ್ಲಿ ತಮ್ಮ ಅಕ್ಕನನ್ನು ಉಮ್ರಾಕ್ಕೆ ಕರೆದೊಯ್ಯಬೇಕೆಂದು ಹಣ ಕೂಡಿಟ್ಟಿದ್ದರು. ಅಕ್ಕನಿಗೆ ಮೂತ್ರಪಿಂಡದ ತೊಂದರೆ. ಆದರೂ ವೈದ್ಯರು ಒಪ್ಪಿದರೆ ಹೋಗಿಯೇ ಬರುವುದೆಂದು ಇಬ್ಬರೂ ಹಟ ಹಿಡಿದಿದ್ದರು.

ನಮ್ಮ ಬೀದಿಗೆ ಕಾಯಿಲೆ ಬಂದದ್ದು ಮಾರ್ಚ್ 16ರ ರಾತ್ರಿ, ಒಂದು ಧ್ವನಿಯ ರೂಪದಲ್ಲಿ. ಮಸೀದಿಗಳನ್ನು ಮುಚ್ಚುವ ಆದೇಶವಾಗಿತ್ತು. ಇಶಾದ ಅಝಾನ್ ಮೊಳಗಿತು. "ನಮಾಝಿಗೆ ಬನ್ನಿ" ಎಂಬ ಕರೆ ಬರಬೇಕಾದಲ್ಲಿ "ನಿಮ್ಮ ಮನೆಗಳಲ್ಲಿ ನಮಾಝ್ ನಿರ್ವಹಿಸಿರಿ" ಎಂಬ ಮಾತು ಕೇಳಿಸಿತು. ಮುಅಝ್ಝಿನ್‌ನ ಕಂಠ ನಡುಗುತ್ತಿತ್ತು. ಇದು ಹೊಸದೇನಲ್ಲ, ಜೋರು ಮಳೆಯ ದಿನ ಇಬ್ನು ಅಬ್ಬಾಸರು ಇದೇ ರೀತಿ ಕರೆಸಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ ಎಂದು ಭಟ್ಕಳದ ಸಾಹೇಬರು ವಿವರಿಸಿದರು. ಪುತ್ತೂರಿನ ಹುಡುಗ ಒಪ್ಪಲಿಲ್ಲ. ಈಮಾನ್ ಇದ್ದವರಿಗೆ ಮಸೀದಿಯಲ್ಲಿ ರೋಗ ಬರುವುದಿಲ್ಲ ಎಂದ. ಕೋಣೆಯಲ್ಲಿ ಅವನೊಬ್ಬನೇ ಹಾಗೆ ಯೋಚಿಸಿದ್ದೆಂದು ಹೇಳಿದರೆ ಸುಳ್ಳಾಗುತ್ತದೆ. ಕರಿಜೀರಿಗೆ ತಿಂದರೆ ಸಾಕೆಂಬ ಸಂದೇಶವನ್ನು ನಾವು ಕೂಡ ನಾಲ್ಕು ಕಡೆಗೆ ಕಳಿಸಿದ್ದೆವು.

ಆ ದಿನಗಳಲ್ಲಿ ಎಲ್ಲರ ಮೊಬೈಲ್‌ಗಳಲ್ಲೂ ಓಡಾಡಿದ್ದು ಪ್ಲೇಗಿನ ಹದೀಸ್. ರೋಗವಿರುವ ನಾಡಿಗೆ ಹೋಗಬೇಡಿ, ನೀವಿರುವ ನಾಡಿಗೆ ರೋಗ ಬಂದರೆ ಅಲ್ಲಿಂದ ಓಡಬೇಡಿ ಎಂಬುದು. ಸಿರಿಯಾದ ದಾರಿಯಿಂದ ಉಮರ್ ಮರಳಿ ಹೋದ ಪ್ರಸಂಗ ನಮಗೆ ಮದ್ರಸಾದಿಂದಲೂ ಗೊತ್ತು. ಆದರೆ ಓಡದೆ ಇರುವುದೆಂದರೆ ಒಂದು ಸ್ನಾನದ ಕೋಣೆಗೆ ಹದಿನೆಂಟು ಮಂದಿ ಸಾಲು ನಿಲ್ಲುವುದು ಎಂದಾದಾಗ ಆ ಮಾತಿನ ಭಾರ ಬೇರೆಯೇ ಆಗುತ್ತದೆ. ಎರಡು ಮೀಟರ್ ಅಂತರ ಇಟ್ಟುಕೊಳ್ಳಿ ಎಂದು ಗೋಡೆಗೆ ಅಂಟಿಸಿದ ಕಾಗದ ಹೇಳುತ್ತಿತ್ತು. ನಮ್ಮ ಕೆಳಗಿನ ಮಂಚಕ್ಕೂ ಮೇಲಿನ ಮಂಚಕ್ಕೂ ಒಂದು ಮೀಟರ್ ಕೂಡ ಇರಲಿಲ್ಲ.

ಮಾರ್ಚ್ 31ರಂದು ಅಲ್ ರಾಸ್ ಬಂದ್ ಆಯಿತು. ಎರಡು ವಾರ ಸೋಂಕು ನಿವಾರಣೆ ಕೆಲಸ, ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಅಲ್ ಖಲೀಜ್, ಮುಸಲ್ಲಾ, ಬನಿಯಾಸ್ ರಸ್ತೆಗಳ ಕಡೆಯಿಂದ ಒಳಬರುವ ದಾರಿಗಳನ್ನು ಮುಚ್ಚಿದರು. ಮೆಟ್ರೊ ಅಲ್ ರಾಸ್, ಪಾಮ್ ಡೇರಾ, ಬನಿಯಾಸ್ ಸ್ಕ್ವೇರ್ ಸ್ಟೇಷನ್‌ಗಳಲ್ಲಿ ನಿಲ್ಲದೆ ಹೋಗತೊಡಗಿತು. ಏಪ್ರಿಲ್ 4ರಿಂದ ಇಡೀ ದುಬೈಗೆ ದಿನದ ಇಪ್ಪತ್ತನಾಲ್ಕು ಗಂಟೆಯ ನಿರ್ಬಂಧ ಬಂದಾಗ ಮೆಟ್ರೊವೂ ನಿಂತಿತು. ಒಂದು ದಿರ್ಹಮ್ ಕೊಟ್ಟು ಆಚೆ ದಡಕ್ಕೆ ದಾಟುತ್ತಿದ್ದ ಅಬ್ರಾ ದೋಣಿಗಳ ಸದ್ದೂ ಇಲ್ಲವಾಯಿತು. ರಾತ್ರಿ ಬಿಳಿ ಉಡುಪಿನವರು ಬಂದು ಬೀದಿಗೆ ಔಷಧಿ ಸಿಂಪಡಿಸುತ್ತಿದ್ದರು. ಬೆಳಗ್ಗೆ ಕಿಟಕಿ ತೆರೆದರೆ ಏಲಕ್ಕಿಯ ಬದಲು ಆಸ್ಪತ್ರೆಯ ವಾಸನೆ.

ಹಸಿವಿನಿಂದ ಸಾಯಲಿಲ್ಲ, ಅದನ್ನು ಹೇಳಲೇಬೇಕು. ಆರೋಗ್ಯ ಇಲಾಖೆಯ ಕಡೆಯಿಂದ ದಿನಸಿ ಬಂತು. ಕೆಎಂಸಿಸಿಯ ಹುಡುಗರು ಊಟದ ಪೊಟ್ಟಣಗಳನ್ನು ಹೊತ್ತು ತಂದರು. ಮಲಯಾಳಿಗಳೇ, ಕನ್ನಡಿಗರೇ, ಬಂಗಾಳಿಗಳೇ ಎಂದು ಅವರು ಕೇಳಲಿಲ್ಲ, ಕೋಣೆಯಲ್ಲಿ ಎಷ್ಟು ಮಂದಿ ಎಂದಷ್ಟೇ ಕೇಳಿದರು. ಕೆಳಗಿನ ಗ್ರೋಸರಿಯವನು ಅರ್ಧ ಶಟರ್ ಎತ್ತಿಟ್ಟು ಕುಳಿತಿರುತ್ತಿದ್ದ. ನಾವು ಬಕೆಟ್‌ಗೆ ಹಗ್ಗ ಕಟ್ಟಿ ಮೂರನೇ ಮಹಡಿಯಿಂದ ಇಳಿಸಿದರೆ ಕುಬ್ಬೂಸ್, ಈರುಳ್ಳಿ, ಮೊಸರು ಇಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಒಮ್ಮೆ ನಾವು ಕೇಳದೇ ಇದ್ದ ಒಂದು ಟ್ರೇ ಮೊಟ್ಟೆ ಬಂತು. ಪಕ್ಕದ ಕೋಣೆಯ ಪೇಷಾವರದ ಖಾನ್ ಸಾಹೇಬರು ತಮ್ಮ ಲೆಕ್ಕದಲ್ಲಿ ಕಳಿಸಿದ್ದರು. ಅವರು ಕೈಗಾಡಿ ಎಳೆಯುವವರು. ಕೆಲಸವಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ನಮಗಾದರೂ ಅರ್ಧ ಸಂಬಳದ ಭರವಸೆ ಇತ್ತು. ಕೆಲಸಗಾರನ ಒಪ್ಪಿಗೆ ಪಡೆದು ಸಂಬಳ ಕಡಿತ ಮಾಡಬಹುದೆಂದು ಮಾರ್ಚ್ ಕೊನೆಯಲ್ಲಿ ಸರಕಾರದ ಆದೇಶ ಬಂದಿತ್ತು. ಒಪ್ಪಿಗೆಯ ಕಾಗದ ನಮ್ಮ ಮೊಬೈಲ್‌ಗೆ ಬಂತು, ನಾವು ಒಪ್ಪಿದೆವು. ಒಪ್ಪದೆ ಇದ್ದರೆ ಏನೆಂದು ಕೇಳುವ ಧೈರ್ಯ ಆ ತಿಂಗಳಲ್ಲಿ ಯಾರಿಗಿತ್ತು?

ಏಪ್ರಿಲ್ ಮೊದಲ ವಾರ ಪರೀಕ್ಷೆಯ ತಂಡ ನಮ್ಮ ಕಟ್ಟಡಕ್ಕೂ ಬಂತು. ಎರಡು ದಿನ ಬಿಟ್ಟು, ಏಪ್ರಿಲ್ 5ರ ರಾತ್ರಿ, ಕರೆ ಬಂದದ್ದು ಇಚ್ಚನಿಗೆ. ಅವರಿಗೆ ಜ್ವರವೂ ಇರಲಿಲ್ಲ, ಸ್ವಲ್ಪ ಕೆಮ್ಮು ಅಷ್ಟೇ. ಒಂದು ಕೈಚೀಲ ಕಟ್ಟಿಕೊಂಡು, ಅಕ್ಕಿ ಎಲ್ಲಿದೆ, ಹುಣಸೆಹುಳಿ ಎಲ್ಲಿದೆ ಎಂದು ಶೆಟ್ರಿಗೆ ಹೇಳಿ ಕೆಳಗಿಳಿದರು. ಬಸ್ಸಿನಲ್ಲಿ ವರ್ಸಾನ್‌ನ ಪ್ರತ್ಯೇಕವಾಸದ ಕಟ್ಟಡಗಳಿಗೆ ಕರೆದೊಯ್ದರು. ನಾವು ಕಿಟಕಿಯಿಂದ ಕೈಬೀಸಿದೆವು. ಬಾಗಿಲವರೆಗೆ ಯಾರೂ ಹೋಗಲಿಲ್ಲ.

ಆಮೇಲೆ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ. ಬಸ್ಸು ತಿರುವು ದಾಟುವ ಮೊದಲೇ ನಾವು ಅವರ ಹಾಸಿಗೆ, ದಿಂಬು, ಲುಂಗಿಗಳನ್ನು ಕಸದ ಚೀಲಕ್ಕೆ ತುಂಬಿ ತಾರಸಿಗೆ ಹಾಕಿದೆವು. ಮಂಚಕ್ಕೆ ಡೆಟ್ಟಾಲ್ ಸುರಿದೆವು. ಅವರು ಮಧ್ಯಾಹ್ನ ಮಾಡಿಟ್ಟಿದ್ದ ಮೀನು ಸಾರನ್ನು ಚೆಲ್ಲಿದೆವು. ಏಳು ವರ್ಷ ಅವರ ಕೈಯ ಅಡುಗೆ ಉಂಡವರು ನಾವು. ದೊಡ್ಡ ಪಾತ್ರೆಯನ್ನೂ ಎಸೆಯೋಣವೆಂದು ಯಾರೋ ಹೇಳಿದಾಗ ಶೆಟ್ರು ಅದನ್ನು ಎತ್ತಿಕೊಂಡು ಹೋಗಿ, ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲೆ ಬೋರಲು ಹಾಕಿಟ್ಟರು. ಮರುದಿನ ಬೆಳಗ್ಗೆ ನಮ್ಮ ಮಹಡಿಯ ಉಳಿದವರು ಸ್ನಾನದ ಕೋಣೆಗೆ ನಮ್ಮನ್ನು ಕೊನೆಯವರಾಗಿ ಬರಲು ಹೇಳಿದರು. ನಮಗೆ ಕೋಪ ಬಂತು. ಹಿಂದಿನ ರಾತ್ರಿ ನಾವು ಮಾಡಿದ್ದು ನೆನಪಿದ್ದರೂ ಕೋಪ ಬಂತು.

ಇಚ್ಚನ ಅಕ್ಕನ ವಿಷಯ ಹೇಳಬೇಕಾದರೆ ತಲಪಾಡಿಯ ವಿಷಯ ಹೇಳಬೇಕು. ಅಕ್ಕನನ್ನು ಮದುವೆ ಮಾಡಿ ಕೊಟ್ಟದ್ದು ಮಂಜೇಶ್ವರಕ್ಕೆ. ವಾರಕ್ಕೆ ಎರಡು ಬಾರಿ ಡಯಾಲಿಸಿಸ್, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ. ಕಾಸರಗೋಡಿನವರಿಗೆ ಮಂಗಳೂರು ಬೇರೆ ರಾಜ್ಯ ಎಂಬುದು ಕಾಗದದ ಮಾತು. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ಜಿಲ್ಲೆಯಲ್ಲಿದ್ದವು. ಹೆರಿಗೆಗೂ ಹೃದಯಕ್ಕೂ ಅವರು ಬರುವುದು ಮಂಗಳೂರಿಗೇ. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು 2020ರಲ್ಲಿಯೂ ಪೂರ್ತಿಯಾಗಿರಲಿಲ್ಲ. ಆ ಮಾರ್ಚ್‌ನಲ್ಲಿ ಕೇರಳದಲ್ಲಿ ಅತಿ ಹೆಚ್ಚು ಪ್ರಕರಣಗಳಿದ್ದದ್ದು ಕಾಸರಗೋಡಿನಲ್ಲಿ. ಅದರಲ್ಲಿ ಬಹಳಷ್ಟು ಮಂದಿ ದುಬೈಯಿಂದ, ನಮ್ಮ ಪಕ್ಕದ ನಾಯಿಫ್‌ನಂತಹ ಬೀದಿಗಳಿಂದ ಹೋದವರು. ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣಿನ ರಾಶಿ ಸುರಿದರು. ಆಂಬುಲೆನ್ಸ್‌ಗಳು ಹಿಂದಿರುಗಿದವು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಬೇಕೆಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಿದೆಯೆಂದು ಕೇಂದ್ರ ಸರಕಾರ ಅಲ್ಲಿ ತಿಳಿಸಿದ್ದು ಏಪ್ರಿಲ್ 7ರಂದು.

ಈ ನಡುವೆ ಅಕ್ಕನ ಮಗ ತಾಯಿಯನ್ನು ಕಣ್ಣೂರಿನ ಕಡೆಗೆ ಕರೆದೊಯ್ದು ಒಮ್ಮೆ ಡಯಾಲಿಸಿಸ್ ಮಾಡಿಸಿದ. ಮುಂದಿನ ಸರದಿಗೆ ಅಲ್ಲಿ ಜಾಗ ಸಿಗಲಿಲ್ಲ. ಏಪ್ರಿಲ್ 9ರ ರಾತ್ರಿ ಅವರು ಮನೆಯಲ್ಲೇ ತೀರಿಕೊಂಡರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮಣ್ಣಿನ ರಾಶಿಯೇ ಕೊಂದಿತೆಂದು ಹೇಳಲು ನಾವು ವೈದ್ಯರಲ್ಲ. ವಯಸ್ಸೂ ಆಗಿತ್ತು. ಆದರೆ ಹತ್ತಿರದ ಮಂಗಳೂರಿಗೆ ಹೋಗಲಾಗದೆ ನಾಲ್ಕೈದು ಪಟ್ಟು ದೂರ ಅಲೆದವರು ಅವರು ಎಂಬುದು ನಮಗೆ ಗೊತ್ತು.

ಅಳಿಯ ಕರೆ ಮಾಡಿದ್ದು ಪುತ್ತೂರಿನ ಹುಡುಗನಿಗೆ. "ಮಾಮನಿಗೆ ಹೇಳಬೇಡಿ. ಸಕ್ಕರೆ ಇದೆ, ಒಬ್ಬರೇ ಇದ್ದಾರೆ. ನೆಗೆಟಿವ್ ಆಗಿ ಬರಲಿ" ಎಂದ.

ನಾವು ಎಂಟು ಮಂದಿ ಆ ರಾತ್ರಿ ವಾದಿಸಿದ ಹಾಗೆ ಎಂದೂ ವಾದಿಸಿರಲಿಲ್ಲ. ಸಾವಿನ ಸುದ್ದಿ ಮುಚ್ಚಿಡುವುದು ಸರಿಯಲ್ಲ, ದುಆ ಮಾಡುವ ಹಕ್ಕನ್ನು ಕಸಿದಂತೆ ಎಂದರು ಭಟ್ಕಳದ ಸಾಹೇಬರು. ಆ ಕಟ್ಟಡದಲ್ಲಿ ಅವರಿಗೆ ಹೆಗಲು ಕೊಡುವವರು ಯಾರೆಂದು ಉಳ್ಳಾಲದವರು ಕೇಳಿದರು. ಶೆಟ್ರು ಹೇಳಿದ್ದು ಒಂದೇ ಮಾತು: "ನನ್ನ ಅಮ್ಮ ಸತ್ತಾಗ ನನಗೆ ಮೂರು ದಿನ ಬಿಟ್ಟು ಹೇಳಿದರು. ಆ ಮೂರು ದಿನ ನಾನು ನಗುತ್ತಾ ಇದ್ದೆ. ಅದು ಇನ್ನೂ ಹೋಗಿಲ್ಲ." ಆದರೂ ಅಳಿಯನ ಮಾತೇ ಗೆದ್ದಿತು. ಮನೆಯವರ ಮಾತಿಗೆ ಎದುರು ಹೇಳಲು ನಾವು ಯಾರು ಎಂದುಕೊಂಡೆವು. ನಿಜ ಹೇಳಬೇಕೆಂದರೆ, ಆ ಸುದ್ದಿಯನ್ನು ಫೋನಿನಲ್ಲಿ ಹೇಳುವ ಬಾಯಿ ನಮ್ಮಲ್ಲಿ ಯಾರದ್ದೂ ಆಗಿರಲಿಲ್ಲ.

ಇಚ್ಚ ದಿನವೂ ಅಸರ್ ನಂತರ ಬೋಟಿಮ್‌ನಲ್ಲಿ ಕರೆ ಮಾಡುತ್ತಿದ್ದರು. ಊಟ ಚೆನ್ನಾಗಿದೆ, ಹಣ್ಣು ಕೊಡುತ್ತಾರೆ, ಕಿಟಕಿ ದೊಡ್ಡದು ಎನ್ನುತ್ತಿದ್ದರು. ಕೊನೆಗೆ ಕೇಳುತ್ತಿದ್ದರು: "ಮಂಜೇಶ್ವರದಿಂದ ಕರೆ ಬಂತಾ ಮೋನೆ? ಅಳಿಯ ಫೋನ್ ಎತ್ತುವುದಿಲ್ಲ." ಅಲ್ಲಿ ನೆಟ್‌ವರ್ಕ್ ಸರಿಯಿಲ್ಲವಂತೆ ಎಂದು ನಾವು ಹೇಳುತ್ತಿದ್ದೆವು. ಸರಿ, ಎಂದು ಇಡುತ್ತಿದ್ದರು.

ಅದೇ ವಾರಗಳಲ್ಲಿ ಊರಿನ ಮೊಬೈಲ್‌ಗಳಿಂದ ಇನ್ನೊಂದು ರೋಗ ಬರುತ್ತಿತ್ತು. ನಿಝಾಮುದ್ದೀನ್‌ನ ತಬ್ಲೀಗ್ ಸಮಾವೇಶದ ನಂತರ ದೇಶದ ಎಲ್ಲ ಸೋಂಕಿಗೂ ಒಂದೇ ಸಮುದಾಯದ ಹೆಸರಿಡುವ ಆಟ ಟಿವಿಗಳಲ್ಲಿ ನಡೆದಿತ್ತು. ಆ ವಿದೇಶೀ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತಿದೆ ಎಂದದ್ದು 2020ರ ಆಗಸ್ಟ್‌ನಲ್ಲಿ. ಏಪ್ರಿಲ್‌ನಲ್ಲಿ ಅದನ್ನು ಹೇಳುವವರು ಕಡಿಮೆ. ಮುಸ್ಲಿಮ್ ವ್ಯಾಪಾರಿಗಳು ನಮ್ಮ ಬೀದಿಗೆ ಬರಬಾರದೆಂಬ ಬರಹಗಳ ಚಿತ್ರಗಳು ನಮ್ಮದೇ ಜಿಲ್ಲೆಯ ಹೆಸರಿನಲ್ಲಿ ಓಡಾಡುತ್ತಿದ್ದವು. ಯಾವುದು ನಿಜ, ಯಾವುದು ಸುಳ್ಳು ಎಂದು ನೋಡುವಷ್ಟರಲ್ಲಿ ಮುಂದಿನದು ಬರುತ್ತಿತ್ತು.

ಒಂದು ಸಂಜೆ ಶೆಟ್ರ ಫೋನ್ ಇಯರ್‌ಫೋನ್ ಇಲ್ಲದೆ ಹಾಡಿಬಿಟ್ಟಿತು. ಗಡ್ಡದ ಮುದುಕನೊಬ್ಬ ಹಣ್ಣಿಗೆ ಎಂಜಲು ಹಚ್ಚುತ್ತಿದ್ದಾನೆ ಎಂಬ ವೀಡಿಯೊ. ರೋಗಕ್ಕಿಂತ ಮೊದಲಿನ, ಫೆಬ್ರವರಿಯ ವೀಡಿಯೊ ಅದು. ಅವರ ಅಣ್ಣ ಕುಟುಂಬದ ಗುಂಪಿಗೆ ಹಾಕಿದ್ದು. ಜೊತೆಗೆ ಅಣ್ಣನ ಧ್ವನಿಯೂ ಇತ್ತು: "ನೀನು ಅವರ ಜೊತೆ ಉಣ್ಣುತ್ತೀಯಲ್ಲ, ಜಾಗ್ರತೆ." ಶೆಟ್ರು ಫೋನ್ ಆರಿಸಿದರು. ಕೋಣೆಯಲ್ಲಿ ಯಾರೂ ಏನೂ ಕೇಳದವರಂತೆ ಕುಳಿತೆವು. ಎರಡು ದಿನ ಅವರೂ ಮಾತಾಡಲಿಲ್ಲ, ನಾವೂ ಮಾತಾಡಿಸಲಿಲ್ಲ. ಅಡುಗೆ ಮಾತ್ರ ಮಾಡಿ ಬಡಿಸುತ್ತಿದ್ದರು. ಮೂರನೆಯ ದಿನ ಮೆಟ್ಟಿಲಿನ ಬಳಿ ನಿಂತು ತುಳುವಿನಲ್ಲಿ ಅಣ್ಣನೊಡನೆ ಏರುದನಿಯಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು: "ಇಲ್ಲಿ ಅಡುಗೆ ಮಾಡಿ ಅವರಿಗೆ ಹಾಕುತ್ತಿರುವುದು ನಾನು. ಭಯಪಡಬೇಕಾದವರು ಅವರಲ್ಲವಾ?" ಒಳಗೆ ಬಂದು ಹುರುಳಿ ನೆನೆಹಾಕಿದರು. ಆ ಅಣ್ಣ ತಮ್ಮಂದಿರು ಬಹಳ ಕಾಲ ಮಾತು ಬಿಟ್ಟಿದ್ದರೆಂದು ನಮಗೆ ಆಮೇಲೆ ತಿಳಿಯಿತು.

ಏಪ್ರಿಲ್ 24ರಂದು ರಮಝಾನ್ ಆರಂಭವಾಯಿತು. ಮಸೀದಿಯಿಲ್ಲದ, ತರಾವೀಹ್‌ನ ಜನಸಂದಣಿಯಿಲ್ಲದ ರಮಝಾನ್. ಮಂಚಗಳನ್ನು ಗೋಡೆಗೆ ತಳ್ಳಿ ಮಾಡಿದ ಜಾಗದಲ್ಲಿ ಭಟ್ಕಳದ ಸಾಹೇಬರ ಹಿಂದೆ ನಿಂತೆವು. ಸಹರಿಗೆ ಶೆಟ್ರು ಮೂರೂವರೆಗೆ ಎದ್ದು ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸುತ್ತಿದ್ದರು. ಬೇಡವೆಂದರೆ, "ನನಗೂ ನಿದ್ದೆ ಬರುವುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಹೊಸ ಪ್ರಕರಣಗಳಿಲ್ಲವೆಂದು ನಾಯಿಫ್ ಮತ್ತು ಅಲ್ ರಾಸ್‌ನ ನಿರ್ಬಂಧ ತೆರವಾದದ್ದು ಏಪ್ರಿಲ್ 26ರಂದು. ಮರುದಿನ ಇಚ್ಚ ಬಂದರು. ಸೊರಗಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತಾರಸಿಯಿಂದ ತಂದು ಒಗೆದು ಹಾಸಿದ್ದ ಹಾಸಿಗೆಯ ಮೇಲೆ ಕುಳಿತರು. ಸಾಹೇಬರು ಹತ್ತಿರ ಕುಳಿತು, ಹೇಗೆ ಆರಂಭಿಸುವುದೆಂದು ತಿಳಿಯದೆ ಗಂಟಲು ಸರಿಮಾಡಿಕೊಂಡರು.

"ಅಕ್ಕನ ವಿಷಯವಾ? ನನಗೆ ಗೊತ್ತು" ಎಂದರು ಇಚ್ಚ.

ತೀರಿಕೊಂಡ ಮೂರನೇ ದಿನವೇ ಅದೇ ಕಟ್ಟಡದಲ್ಲಿದ್ದ ಉಪ್ಪಳದವರೊಬ್ಬರು ಸಂತಾಪ ಹೇಳಲು ಬಾಗಿಲು ಬಡಿದಿದ್ದರಂತೆ. ಅದಾದ ಮೇಲೂ ಎರಡು ವಾರ ಅವರು ನಮಗೆ ದಿನವೂ ಕರೆ ಮಾಡಿ, ಮಂಜೇಶ್ವರದಿಂದ ಕರೆ ಬಂತೇ ಎಂದು ಕೇಳಿದ್ದರು. ನಾವು ದಿನವೂ ನೆಟ್‌ವರ್ಕ್ ಎಂದಿದ್ದೆವು. "ಇಂದಾದರೂ ಹೇಳುತ್ತೀರಿ ಎಂದುಕೊಳ್ಳುತ್ತಿದ್ದೆ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಅಳಿಯ ಹೇಳಿದ್ದೆಂದು ಹುಡುಗ ಅಳುತ್ತಾ ವಿವರಿಸಿದ. ಅವರು ಅವನ ತಲೆಯ ಮೇಲೆ ಕೈಯಿಟ್ಟರು. ನಮ್ಮ ಕಡೆಗೆ ನೋಡಲಿಲ್ಲ.

ಆ ರಾತ್ರಿ ಇಶಾದ ನಂತರ ನಾವು ಅಕ್ಕನ ಗೈಬ್ ಜನಾಝಾ ನಮಾಝ್ ಮಾಡಿದೆವು. ಇಚ್ಚನೇ ಇಮಾಮ್ ನಿಂತರು. ಪಕ್ಕದ ಕೋಣೆಯ ಖಾನ್ ಸಾಹೇಬರು ಹನಫಿಗಳು, ಅವರಲ್ಲಿ ಮಯ್ಯಿತ್ ಎದುರಿಲ್ಲದೆ ಈ ನಮಾಝ್ ಇಲ್ಲ. ಆದರೂ ಬಂದು ಹೊಸ್ತಿಲಲ್ಲಿ ಕುಳಿತು ದುಆ ಮಾಡಿದರು. ಶೆಟ್ರು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

ಹತ್ತು ಹನ್ನೆರಡು ದಿನ ಇಚ್ಚ ಒಲೆಯ ಹತ್ತಿರ ಹೋಗಲಿಲ್ಲ. ಶೆಟ್ರು ಬಡಿಸಿದ್ದನ್ನು ತಿಂದು, ತಮ್ಮ ತಟ್ಟೆ ತೊಳೆದು, ಕಿಟಕಿಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಒಂದು ಸಂಜೆ ಇಫ್ತಾರ್‌ಗೆ ಅರ್ಧ ಗಂಟೆ ಇರುವಾಗ ಎದ್ದು ಬಂದು, ಪಾತ್ರೆಯ ತಳ ನೋಡಿ, "ಇದನ್ನು ಕರಟದಲ್ಲಿ ಉಜ್ಜಿದ್ದು ಯಾರು, ಗೆರೆ ಬಿದ್ದಿದೆ" ಎಂದು ಗದರಿದರು. ನಾವು ಯಾರೂ ಬಾಯಿಬಿಡಲಿಲ್ಲ, ಆದರೆ ಆ ದಿನದ ಖರ್ಜೂರ ಬಹಳ ರುಚಿಯಾಗಿತ್ತು.

ಮೇ 7ರಿಂದ ವಂದೇ ಭಾರತ್ ವಿಮಾನಗಳು ಹೊರಟವು. ಮೇ 12ರಂದು ಮಂಗಳೂರಿಗೂ ಕಣ್ಣೂರಿಗೂ ದುಬೈಯಿಂದ ಮೊದಲ ವಿಮಾನ ಹೋಯಿತು. ಹೆಸರು ನೋಂದಾಯಿಸಿದವರ ಸಾಲು ಉದ್ದವಿತ್ತು. ಜುಲೈ 1ರಂದು ಮೂವತ್ತು ಶೇಕಡಾ ಜನರೊಂದಿಗೆ ಮಸೀದಿಗಳು ತೆರೆದಾಗ ನಾವು ನಮ್ಮ ನಮ್ಮ ಮುಸಲ್ಲಾ ಹಿಡಿದು ಹೋಗಿ, ನೆಲದ ಗುರುತಿನ ಮೇಲೆ ದೂರದೂರ ನಿಂತೆವು. ಇಚ್ಚನೂ ಬಂದಿದ್ದರು. ಅದೇ ತಿಂಗಳು ಅವರಿಗೆ ಕಣ್ಣೂರಿನ ಟಿಕೆಟ್ ಸಿಕ್ಕಿತು, ವೀಸಾ ರದ್ದು ಮಾಡಿಕೊಂಡು ಹೊರಟರು. ಹತ್ತು ಕಿಲೋ ಏಲಕ್ಕಿಯನ್ನಾದರೂ ಒಯ್ಯಿರಿ ಎಂದು ನಾವು ತಮಾಷೆ ಮಾಡಿದರೆ, ಮೂವತ್ತು ವರ್ಷ ಮೂಗಿಗೆ ಒಯ್ದದ್ದು ಸಾಕು ಎಂದರು. ಪಾತ್ರೆಯನ್ನು ಶೆಟ್ರಿಗೆ ಕೊಟ್ಟರು.

ಆ ಒಂಬತ್ತರಲ್ಲಿ ಈಗ ದುಬೈಯಲ್ಲಿರುವವರು ಮೂವರು. ಕೋಣೆ ಬದಲಾಗಿದೆ, ಈಗ ಆರು ಮಂಚ. ಶೆಟ್ರ ಮೇಲುಸ್ತುವಾರಿಯಲ್ಲಿ ಆ ಪಾತ್ರೆ ಇನ್ನೂ ಇದೆ. ರಮಝಾನ್ ಬಂದರೆ ಮೊದಲ ಸಹರಿಯ ಹೊತ್ತಿಗೆ ಕುಂಬಳೆಯಿಂದ ಕರೆ ಬರುತ್ತದೆ. ಗಂಜಿಗೆ ಮೆಂತ್ಯ ಎಷ್ಟು ಹಾಕಿದಿರಿ ಎಂದು ಇಚ್ಚ ಕೇಳುತ್ತಾರೆ. ಶೆಟ್ರು ಎಷ್ಟೇ ಹೇಳಿದರೂ, ಜಾಸ್ತಿಯಾಯಿತು ಎನ್ನುತ್ತಾರೆ.